ಗೂಡುದೀಪದ ಖಾಲಿ ಮಗ್ಗುಲು

ಊರಿನ ದೊಡ್ಡವರನ್ನು ಲೇವಡಿ ಮಾಡುವ, ಸ್ವಿಟ್ಜರ್ಲೆಂಡಿನ ಬಾಸೆಲ್ ಪಟ್ಟಣದ ಮುಖವಾಡದ ಹಬ್ಬಕ್ಕೆ ಒಂಬತ್ತೇ ದಿನ ಉಳಿದಿತ್ತು. ಮೆರವಣಿಗೆಯಲ್ಲಿ ಹೊರುವ ಆಳೆತ್ತರದ ಗೂಡುದೀಪಕ್ಕೆ ಚಿತ್ರ ಬರೆಯುವ ರೂಡಿ ಕುಂಚ ಹಿಡಿದು ಶೆಡ್ಡಿನ ಉದ್ದಗಲ ಅಲೆಯುತ್ತಿದ್ದ. ಅವನ ತಂಡ ಈ ವರ್ಷ ಲೇವಡಿಗೆ ಆರಿಸಿಕೊಂಡದ್ದು ಊರಿನ ಎರಡು ದೊಡ್ಡ ಔಷಧ ಕಂಪನಿಗಳನ್ನು, ದೀಪದ ಮಗ್ಗುಲಿಗೊಂದರಂತೆ.

ಬ್ರೆಂಡ್ಲಿ ಕಂಪನಿ ಒಂದೇ ರೋಗವನ್ನು ನಂಬಿ, ಹದಿನೈದು ವರ್ಷ ಕಾದು, ಒಂದೇ ಮದ್ದನ್ನು ಬಂಗಾರದ ಬೆಲೆಗೆ ಮಾರುತ್ತಿತ್ತು. ರೂಡಿ ಅದನ್ನು ಒಂದೇ ಮೊಟ್ಟೆಯ ಮೇಲೆ ಕಾವಿಗೆ ಕೂತ ದಢೂತಿ ಕೋಳಿಯಾಗಿ ಒಂದೇ ದಿನದಲ್ಲಿ ಬರೆದಿದ್ದ. ಹೋರ್ಬರ್ ಕಂಪನಿಯ ದಾರಿ ಬೇರೆ. ಅದು ಸಣ್ಣ ಕಂಪನಿಗಳನ್ನು ಕೊಳ್ಳುತ್ತಿತ್ತು, ಲಾಭ ತರದ ವಿಭಾಗಗಳನ್ನು ಮುಚ್ಚುತ್ತಿತ್ತು. ಅದರ ಪ್ರಯೋಗಾಲಯದಲ್ಲಿ ರೂಡಿ ಮೂವತ್ತೊಂದು ವರ್ಷ ದುಡಿದಿದ್ದ. ಕೊನೆಗೆ ಅವನ ವಿಭಾಗವೂ ಮುಚ್ಚಿತು. ದೀಪದಲ್ಲಿ ಹೋರ್ಬರ್‌ನ ಮಗ್ಗುಲು ಇನ್ನೂ ಖಾಲಿಯಾಗಿಯೇ ಇತ್ತು.

ತಂಡದ ಮುಖ್ಯಸ್ಥೆ ವ್ರೇನಿ ಬಂದು ಸೊಂಟಕ್ಕೆ ಕೈಯಿಟ್ಟಳು. "ಏನಪ್ಪಾ ರೂಡಿ, ಪಕ್ಕದ್ಮನೆಯೋರ್ನ ಆಡ್ಕೊಳ್ಳೋಕೆ ಒಂದ್ ದಿನ, ನಿನ್ ಮನೆಯೋರಿಗೆ ಮೂರ್ ವಾರಾನಾ?"

"ಅವರ ಉಪ್ಪು ತಿಂದಿದೀನಿ ಕಣೇ."

"ತಿಂದೋನಿಗೇ ಅಲ್ವಾ ರುಚಿ ಗೊತ್ತಿರೋದು? ಬರಿ. ಒಬ್ಬರನ್ನೇ ಆಡ್ಕೊಂಡ್ರೆ ಅದು ಇನ್ನೊಬ್ಬರ ಜಾಹೀರಾತಾಗತ್ತೆ."

ರೂಡಿ ಸಂಜೆಯವರೆಗೂ ಬರೆದ. ಚಿತ್ರದಲ್ಲಿ, ಮೇಲೇರುವ ಬಲೂನಿನಲ್ಲಿ ಹೋರ್ಬರ್ ಒಡೆಯರು ಹೊಸ ಪೆಟ್ಟಿಗೆಗಳನ್ನು ಎಳೆದುಕೊಳ್ಳುತ್ತ, ಹಳೆಯ ಭಾರವೆಂದು ಜನರನ್ನು ಕೆಳಗೆ ಎಸೆಯುತ್ತಿದ್ದರು. ಹಾಗೆ ಬೀಳುತ್ತಿದ್ದವರಲ್ಲಿ ಬಿಳಿ ಕೋಟಿನವನೊಬ್ಬನಿದ್ದ.

ವ್ರೇನಿ ಬಗ್ಗಿ ನೋಡಿದಳು. "ಇದು ನಿನ್ನ ಮೂಗಲ್ವೇನೋ?"

"ಹೂಂ. ಹಬ್ಬದ ದಿನ ಮುಖವಾಡ ಹಾಕ್ಕೊಂಡು ನಾನೇ ಇದನ್ನ ಹೊರ್ತೀನಿ."

ಮೂರು ವಾರಗಳಲ್ಲಿ ಮೊದಲ ಸಲ ಅವನು ಕುರ್ಚಿ ಎಳೆದುಕೊಂಡು ಕುಳಿತ.