ತಳ ತಡವುವ ಗುಜರಿ ಅತ್ತಿಗೆ
ಬೀದಿಯವರಿಗೆಲ್ಲ ಆಕೆ ಗುಜರಿ ಅತ್ತಿಗೆ. ಹಳೆಯ ಅಡುಗೆಮನೆಗೆ ಕಳೆ ತರುತ್ತೇನೆಂದು ಹೊರಟು ಆಕೆ ತಂದದ್ದೆಲ್ಲ ಅದಕ್ಕಿಂತ ಹಳತು. ಮುಚ್ಚಿಹೋದ ಔಷಧಿ ಅಂಗಡಿಯಿಂದ ತಂದ ಬೀರುವಿನಲ್ಲಿ, ‘ವಿಷ’ ಎಂಬ ಚೀಟಿಯ ಹಿಂದೆ, ಸಕ್ಕರೆ ಡಬ್ಬಿ ಇದೆ. ಓದು ಬಾರದ ಇರುವೆಗಳು ಮಾತ್ರ ಧೈರ್ಯವಾಗಿ ಹೋಗಿಬರುತ್ತವೆ. ಊಟಕ್ಕೆ ಶಾಲೆಯ ಬೆಂಚು. ಅದರ ಮೇಲೆ ಕೂತ ಗಂಡ ಉಪ್ಪು ಬೇಕೆಂದರೂ ಕೈ ಎತ್ತುತ್ತಾನೆ. “ಕೈ ಇಳಿಸಿ, ಉಪ್ಪು ನಿಮ್ಮ ಮುಂದೇನೇ ಇದೆ,” ಎಂದು ಆಕೆ ಗದರುತ್ತಾಳೆ. ಗುಜರಿ ಅಂಗಡಿಯಲ್ಲಿ ಟೀ ಕೆಟಲ್ ಕಂಡರಂತೂ ಬೋರಲು ಹಾಕಿ ತಳ ತಡವದೆ ಬಿಡುವವಳಲ್ಲ. “ತೂತಿಲ್ಲ ಅತ್ತಿಗೆ,” ಎನ್ನುತ್ತಾನೆ ಅಂಗಡಿಯವನು. “ತೂತು ಯಾರಿಗೆ ಬೇಕಪ್ಪ,” ಎಂದು ಕೆಳಗಿಡುತ್ತಾಳೆ. ಚಿಕ್ಕಂದಿನಲ್ಲಿ ಆಕೆ ಎತ್ತಿಹಾಕಿ ತಳ ನೆಗ್ಗಿಸಿದ ಕೆಟಲನ್ನು ಅಮ್ಮ ಹೋದಮೇಲೆ ಅಣ್ಣ ಗುಜರಿಗೆ ಹಾಕಿದ್ದ. ಆ ನೆಗ್ಗು ಆಕೆಯ ಹೆಬ್ಬೆರಳಿಗೆ ಇನ್ನೂ ನೆನಪಿದೆ.