ಬಾಳೆಹಣ್ಣಿನ ಸಾಲಿನಿಂದ ಮೊಟ್ಟೆಯ ಸಾಲಿಗೆ

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ, ಒಂದು ಬೆಳಿಗ್ಗೆ ಶಾಲೆಯ ಪ್ರಾರ್ಥನೆಯಲ್ಲಿ ನಿಂತಲ್ಲೇ ಕುಸಿದುಬಿದ್ದಳು. ನಾನಾಗ ದಾವಣಗೆರೆಯ ಸೀರೆ ಅಂಗಡಿಯಲ್ಲಿದ್ದೆ. ಅಲ್ಲಿ ನನ್ನದು ಸೀರೆ ಬಿಚ್ಚಿ ತೋರಿಸುವ, ಮತ್ತೆ ಮಡಿಚಿಡುವ ಕೆಲಸ. ಶಾಲೆಯಿಂದ ಫೋನ್ ಬಂದಾಗ ಕೈಯಲ್ಲಿ ಅರ್ಧ ಮಡಿಚಿದ ಸೀರೆಯಿತ್ತು. ಅದನ್ನು ಪೂರ್ತಿ ಮಡಿಚಿ, ಗೂಡಿನಲ್ಲಿಟ್ಟು, ಆಮೇಲೆ ಮಾಲೀಕರಿಗೆ ಹೇಳಿ ಹೊರಟೆ. ನಮ್ಮೂರು ಹರಿಹರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿತು. ದಾರಿಯುದ್ದಕ್ಕೂ ನನಗೆ ಅಳು ಬರಲಿಲ್ಲ, ಗಾಬರಿಯೂ ಆಗಲಿಲ್ಲ. ಬೇರೆ ತಾಯಂದಿರಾಗಿದ್ದರೆ ಹೇಗಿರುತ್ತಿದ್ದರು ಎಂದು ಒಮ್ಮೆ ಯೋಚಿಸಿದೆ, ಅಷ್ಟೇ.

ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಚೀಟಿ ನೋಡಿ, ಮಗಳ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ನನ್ನ ಕಡೆ ತಿರುಗಿದರು.

"ರಕ್ತ ಏಳಕ್ಕಿಳಿದೈತೆ. ಹನ್ನೆರಡಾದ್ರೂ ಇರಬೇಕು. ಮನೇಲಿ ಏನೇನು ತಿಂತಾಳೆ?"

"ಹೊಟ್ಟೆ ತುಂಬ ಉಣ್ತಾಳ್ರಿ. ಅನ್ನಕ್ಕೇನೂ ಕಮ್ಮಿ ಮಾಡಿಲ್ಲ ನಾವು."

"ಅನ್ನ ಸರಿ. ಅನ್ನದ ಜೊತೆಗೆ?"

ಜೊತೆಗೆ ಸಾರು ಎಂದೆ. ಸಾರಿನಲ್ಲಿ ಬೇಳೆ ಎಷ್ಟಿರುತ್ತದೆ ಎಂದು ಅವರು ಕೇಳಿದರು. ನಾಲ್ಕು ಜನಕ್ಕೆ ಒಂದು ಹಿಡಿ ಬೇಳೆ ಹಾಕಿ, ಹುಣಸೆಹುಳಿ, ಖಾರದಪುಡಿ ಮುಂದೆ ಮಾಡಿ ಕುದಿಸುವ ಸಾರು ಅದು. ನ್ಯಾಯಬೆಲೆ ಅಂಗಡಿಯ ಅಕ್ಕಿ ಇತ್ತು, ಆದ್ದರಿಂದ ಅನ್ನ ಇತ್ತು. ಬೆಳಿಗ್ಗೆ ಚಿತ್ರಾನ್ನ, ರಾತ್ರಿ ಅನ್ನ ಸಾರು, ಸಂಜೆ ಮಗಳು ಶಾಲೆಯಿಂದ ಬಂದರೆ ಒಗ್ಗರಣೆ ಮಂಡಕ್ಕಿ. ಹಾಲು ಚಹಾಕ್ಕೆ ಮಾತ್ರ. ಗುತ್ತೂರಿನ ಹತ್ತಿರದ ಒಂದು ಕಾರ್ಖಾನೆಯಲ್ಲಿ ನನ್ನ ಗಂಡನಿಗೆ ಗುತ್ತಿಗೆ ಕೆಲಸ. ಪಾಳಿ ಸಿಕ್ಕ ತಿಂಗಳು ಪಲ್ಯ ಇರುತ್ತಿತ್ತು, ಪಾಳಿ ಕಡಿಮೆಯಾದ ತಿಂಗಳು ಮೊದಲು ಹೋಗುತ್ತಿದ್ದದ್ದೇ ಪಲ್ಯ. ಬಾಡಿಗೆ ಬಿಡುವಂತಿಲ್ಲ, ಕರೆಂಟು ಬಿಡುವಂತಿಲ್ಲ, ಗ್ಯಾಸು ಬಿಡುವಂತಿಲ್ಲ. ತರಕಾರಿಯನ್ನು ಬಿಟ್ಟರೆ ಯಾರೂ ಮನೆ ಬಾಗಿಲಿಗೆ ಬಂದು ಕೇಳುವುದಿಲ್ಲ.

ಡಾಕ್ಟರಮ್ಮ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ಅದನ್ನು ಚಹಾದ ಜೊತೆ ನುಂಗಬಾರದು, ನಿಂಬೆಹಣ್ಣು ಹಿಂಡಿದ ನೀರು ಕುಡಿದರೆ ಒಳ್ಳೆಯದು ಎಂದರು. ದಾಳಿಂಬೆ, ಖರ್ಜೂರ ಎಂದು ಶುರು ಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು.

"ಅದೆಲ್ಲ ಬಿಡ್ರಿ. ಸೊಪ್ಪು, ರಾಗಿ, ಕಾಳು, ಶೇಂಗಾ, ಬೆಲ್ಲ. ಇಷ್ಟು ನೋಡ್ಕೊಳ್ರಿ ಸಾಕು. ಮೊಟ್ಟೆ ತಿಂತೀರೇನು?"

"ನಮ್ಮಲ್ಲಿ ನಡೆಯಲ್ರಿ."

"ಶಾಲೇಲಿ ಪುಕ್ಕಟೆ ಕೊಡ್ತಾರೆ," ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು.

ಮನೆಗೆ ಬರುವಾಗ ಒಂದು ದಾಳಿಂಬೆ ಕೊಂಡೆ. ಡಾಕ್ಟರಮ್ಮ ಬಿಡಿ ಎಂದಿದ್ದರೂ ಕೊಂಡೆ. ನನ್ನ ಅತ್ತೆ ಅದನ್ನು ಬಿಡಿಸಿ ಬಟ್ಟಲಿಗೆ ಹಾಕಿ ಮೊಮ್ಮಗಳ ಮುಂದಿಟ್ಟರು. ಒಳಗೆ ಅರ್ಧ ಕೊಳೆತಿತ್ತು. ಮಗಳು ಚೆನ್ನಾಗಿದ್ದ ಅರ್ಧ ತಿಂದಳು. ಮತ್ತೆಂದೂ ನಾವು ದಾಳಿಂಬೆ ತರಲಿಲ್ಲ.

ಮಾರನೆಯ ದಿನದಿಂದ ಅಂಗಡಿ ಬಿಟ್ಟ ಮೇಲೆ ನೇರ ಬಸ್ ಸ್ಟ್ಯಾಂಡಿಗೆ ಹೋಗದೆ ಮಾರ್ಕೆಟ್ಟಿನ ಕಡೆಯಿಂದ ಸುತ್ತಿ ಹೋಗುವುದನ್ನು ರೂಢಿ ಮಾಡಿಕೊಂಡೆ. ಸಂಜೆ ಹೊತ್ತಿಗೆ ಸೊಪ್ಪು ಬಾಡಿರುತ್ತದೆ, ಅಗ್ಗಕ್ಕೆ ಸಿಗುತ್ತದೆ. ಲೋಕಿಕೆರೆ ಕಡೆಯಿಂದ ಬರುತ್ತಿದ್ದ ಒಬ್ಬ ಹೆಂಗಸು ಗೋಣಿಚೀಲ ಹಾಸಿ ಕೂತಿರುತ್ತಿದ್ದಳು. ನಾಲ್ಕನೇ ದಿನವೂ ನಾನು ಬರೀ ಕೊತ್ತಂಬರಿ ಕೇಳಿದ್ದಕ್ಕೆ ಅವಳೇ ಮಾತು ತೆಗೆದಳು.

"ದಿನಾ ಕೊತ್ತಂಬರಿ ಯಾಕ ಒಯ್ತೀಯವ್ವ? ಮನೇಲಿ ಯಾರಿಗಾದ್ರೂ ಆರಾಮಿಲ್ಲೇನು?"

ಮಗಳ ವಿಷಯ ಹೇಳಿದೆ. ಅವಳು ರಾಜಗಿರಿ ಸೊಪ್ಪಿನ ಎರಡು ಕಟ್ಟು, ನುಗ್ಗೆಸೊಪ್ಪಿನ ಒಂದು ಕಟ್ಟು ಎತ್ತಿ ನನ್ನ ಚೀಲಕ್ಕೆ ಹಾಕಿದಳು.

"ನುಗ್ಗೆಸೊಪ್ಪಿಗೆ ರೊಕ್ಕ ಬ್ಯಾಡ, ನಮ್ಮ ಬೇಲಿದು ಅದು. ಬೇಯಿಸಿದ ನೀರು ಚೆಲ್ಲಬ್ಯಾಡ ಮತ್ತೆ. ಅದನ್ನೇ ಸಾರಿಗೆ ಹಾಕು. ಊರಾಗ ನಾವು ಹಂಗೇ ಮಾಡೋದು."

ಹೀಗೆ ಸೊಪ್ಪು ಮನೆಗೆ ಬಂತು. ಆದರೆ ಸೊಪ್ಪು ಬಿಡಿಸುವುದಕ್ಕೆ ಹೊತ್ತು ಬೇಕು. ಅದನ್ನು ಯಾರೂ ಹೇಳಿರಲಿಲ್ಲ. ಒಂಬತ್ತು ಗಂಟೆ ಅಂಗಡಿಯಲ್ಲಿ ನಿಂತು, ಬಸ್ಸಿನಲ್ಲೂ ನಿಂತು ಬಂದವಳು ನುಗ್ಗೆಯ ಸಣ್ಣ ಸಣ್ಣ ಎಲೆಗಳನ್ನು ಕಡ್ಡಿಯಿಂದ ಬೇರೆ ಮಾಡುತ್ತ ಕೂರಬೇಕು. ಅತ್ತೆಗೆ ಕಣ್ಣು ಮಂಜು. ಅವರು ಬಿಡಿಸಿದ್ದರಲ್ಲಿ ಕಡ್ಡಿಯೂ ಇರುತ್ತಿತ್ತು, ಹುಳವೂ ಇರುತ್ತಿತ್ತು. ನಾನು ಮತ್ತೊಮ್ಮೆ ಆರಿಸುತ್ತಿದ್ದೆ. ಬೇಯಿಸಿದರೆ ಒಂದು ಬುಟ್ಟಿ ಸೊಪ್ಪು ಒಂದು ಬಟ್ಟಲಾಗುತ್ತದೆ. ಆ ಬಟ್ಟಲನ್ನು ಮೊದಲು ಮಗಳಿಗೆ, ಆಮೇಲೆ ಪಾಳಿ ಮುಗಿಸಿ ಬಂದ ಗಂಡನಿಗೆ, ಆಮೇಲೆ ಅತ್ತೆಗೆ ಬಡಿಸುತ್ತಿದ್ದೆ. ಅಷ್ಟರಲ್ಲಿ ಬಟ್ಟಲು ಖಾಲಿ. ನಾನು ಅನ್ನಕ್ಕೆ ಮಜ್ಜಿಗೆ ಹಾಕಿಕೊಂಡು ಮುಗಿಸುತ್ತಿದ್ದೆ. ಅದರಲ್ಲಿ ತ್ಯಾಗ ಏನೂ ಇರಲಿಲ್ಲ. ಉಣ್ಣಬೇಕು ಅಂತಲೇ ಅನ್ನಿಸುತ್ತಿರಲಿಲ್ಲ.

ಒಂದು ವಾರ ಕಳೆದ ಮೇಲೆ ಮಗಳು ತಲೆ ಬಾಚಿಸಿಕೊಳ್ಳುವಾಗ ಹೇಳಿದಳು.

"ಅವ್ವ, ನಾನು ಶಾಲೇಲಿ ಮೊಟ್ಟೆ ತಿನ್ಲಾ?"

ಶಾಲೆಯಲ್ಲಿ ಊಟದ ಜೊತೆ ಮೊಟ್ಟೆ ಕೊಡುತ್ತಾರೆ, ಬೇಡ ಎಂದವರಿಗೆ ಬಾಳೆಹಣ್ಣು; ಎರಡಕ್ಕೂ ಬೇರೆ ಬೇರೆ ಸಾಲು. ಯಾವುದು ಎಂದು ಪೋಷಕರು ಬರೆದುಕೊಡಬೇಕು. ನಾನು ಬಾಳೆಹಣ್ಣು ಎಂದು ಬರೆದುಕೊಟ್ಟಿದ್ದೆ. ಅದನ್ನು ಬರೆಯುವಾಗ ಒಂದು ಕ್ಷಣವೂ ಯೋಚಿಸಿರಲಿಲ್ಲ. ಅತ್ತೆ ಲಿಂಗಪೂಜೆ ಮಾಡದೆ ನೀರು ಕುಡಿಯುವವರಲ್ಲ. ನಮ್ಮ ಮನೆಯಲ್ಲಿ ಮೊಟ್ಟೆಯ ಮಾತೇ ಬಂದದ್ದಿಲ್ಲ.

"ವಾಸನೆ ಬರ್ತೈತೆ ಅಂತಾರಲ್ಲ, ತಿನ್ನಾಕೆ ಆಗ್ತೈತೇನು ನಿನಗೆ?" ಎಂದೆ.

"ಎರಡು ಸಲ ತಿಂದೀನಿ. ಗೆಳತಿ ಕೊಟ್ಟಿದ್ಲು. ನನ್ನ ಬಾಳೆಹಣ್ಣು ಆಕಿಗೆ ಕೊಟ್ಟೆ."

ನಾನು ಜಡೆ ಹಾಕುವುದನ್ನು ಮುಂದುವರಿಸಿದೆ. ಮಾರನೆಯ ದಿನ ಅಂಗಡಿಗೆ ಒಂದು ತಾಸು ತಡವಾಗಿ ಹೋಗುತ್ತೇನೆಂದು ಹೇಳಿ, ಶಾಲೆಗೆ ಹೋಗಿ ಬೇರೆ ಚೀಟಿ ಬರೆದುಕೊಟ್ಟೆ. ಮುಖ್ಯೋಪಾಧ್ಯಾಯಿನಿ ಚೀಟಿ ಓದಿ, "ಮನೇಲಿ ಎಲ್ಲರಿಗೂ ಗೊತ್ತೇನ್ರಿ? ಆಮೇಲೆ ನಮ್ಮ ಹತ್ರ ಬಂದು ಜಗಳ ಮಾಡಬಾರದು," ಎಂದರು. ಗೊತ್ತು ಎಂದೆ. ಗಂಡನಿಗೆ ಮಾತ್ರ ಗೊತ್ತಿತ್ತು. ಹಿಂದಿನ ಸಂಜೆ ಹೇಳಿದಾಗ ಅವರು, "ಅವ್ವಗೆ ಹೇಳಬ್ಯಾಡ," ಎಂದು ಎದ್ದು ಹೋಗಿದ್ದರು. ಬೇಡ ಎನ್ನಲಿಲ್ಲ.

ಅತ್ತೆಗೆ ಗೊತ್ತಾಗಲು ಇಪ್ಪತ್ತು ದಿನ ಬೇಕಾಯಿತು. ಓಣಿಯ ಮಕ್ಕಳು ಕಟ್ಟೆಯ ಮೇಲೆ ಕೂತು ಶಾಲೆಯ ಸುದ್ದಿ ಮಾತಾಡುವಾಗ ಅವರ ಕಿವಿಗೆ ಬಿತ್ತು. ನಾನು ಕೆಲಸದಿಂದ ಬಂದು ಕಾಲು ತೊಳೆಯುತ್ತಿದ್ದೆ.

"ಅದು ಮೊಟ್ಟೆ ತಿಂತೈತೇನು?"

"ಹೂಂ ಅತ್ತೆ."

"ನೀನೇ ಬರೆದುಕೊಟ್ಟಿಯೇನು?"

"ಹೂಂ."

"ನನ್ನ ಒಂದು ಮಾತು ಕೇಳಬೇಕು ಅನ್ನಿಸಲಿಲ್ಲ?"

"ಕೇಳಿದ್ರೆ ಬ್ಯಾಡ ಅಂತಿದ್ರಿ."

"ಅಂತಿದ್ದೆ," ಎಂದರು. ಕೂಗಾಡಲಿಲ್ಲ. ಅವತ್ತಿನಿಂದ ತಮ್ಮ ತಟ್ಟೆ, ತಂಬಿಗೆ, ಒಂದು ಸಣ್ಣ ಪಾತ್ರೆ ಬೇರೆ ಮಾಡಿಕೊಂಡರು. ನನ್ನ ಅಡುಗೆ ಆದ ಮೇಲೆ ಒಲೆ ಒರೆಸಿ, ತಮಗೆ ಬೇಕಾದ್ದನ್ನು ತಾವೇ ಬೇಯಿಸಿಕೊಂಡರು. ಮೊಮ್ಮಗಳು ಹತ್ತಿರ ಹೋದರೆ ತಲೆ ಸವರುತ್ತಿದ್ದರು, ಆದರೆ ಅವಳ ಕೈಯಿಂದ ನೀರು ತೆಗೆದುಕೊಳ್ಳುತ್ತಿರಲಿಲ್ಲ. ಮಗಳು ಎರಡು ದಿನ ಅತ್ತಳು. ಗಂಡ ಮನೆಯಲ್ಲಿ ಮಾತು ಕಡಿಮೆ ಮಾಡಿದರು. ನನಗೆ ಏನೂ ಆಗಲಿಲ್ಲ. ಒಂದು ಮನೆಯಲ್ಲಿ ಎರಡು ಸಲ ಒಲೆ ಹಚ್ಚಿದರೆ ಗ್ಯಾಸು ಬೇಗ ಮುಗಿಯುತ್ತದೆ ಎಂದುಕೊಂಡೆ. ನನ್ನ ತಲೆಯಲ್ಲಿ ಬಂದದ್ದು ಅದೊಂದೇ. ಅತ್ತೆಯ ದುಃಖ ನನಗೆ ಕಾಣುತ್ತಿತ್ತು, ಮುಟ್ಟುತ್ತಿರಲಿಲ್ಲ.

ಮೂರು ತಿಂಗಳ ನಂತರ ಮಗಳನ್ನು ಮತ್ತೆ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಹತ್ತಕ್ಕೆ ಏರಿತ್ತು. ಡಾಕ್ಟರಮ್ಮ ಅವಳ ಬೆನ್ನು ತಟ್ಟಿದರು. ಚೀಟಿ ತೆಗೆದುಕೊಳ್ಳಲು ನಾನು ಕೈ ಚಾಚಿದಾಗ ನನ್ನ ಉಗುರುಗಳನ್ನು ನೋಡಿದರು. ಕುರ್ಚಿಯಿಂದ ಎದ್ದು ಬಂದು ನನ್ನ ಕೆಳರೆಪ್ಪೆ ಎಳೆದರು.

"ನಿಮ್ಮದೂ ರಕ್ತ ಕೊಟ್ಟು ಹೋಗ್ರಿ."

"ನನಗೇನಾಗಿಲ್ರಿ. ಅಂಗಡಿಗೆ ಹೊತ್ತಾಗ್ತೈತೆ."

"ಕೊಟ್ಟು ಹೋಗ್ರಿ."

ನನ್ನದು ಆರಕ್ಕಿಂತ ಕೆಳಗಿತ್ತು. ಅವರು ಚೀಟಿಯನ್ನು ಮೇಜಿನ ಮೇಲಿಟ್ಟು, ನಿನ್ನೆ ಏನು ಊಟ ಮಾಡಿದಿರಿ ಎಂದರು. ಬೆಳಿಗ್ಗೆ ಚಹಾ, ಅಂಗಡಿಯಲ್ಲಿ ಚಹಾ, ಮಧ್ಯಾಹ್ನ ಡಬ್ಬಿಯಲ್ಲಿ ಚಿತ್ರಾನ್ನ, ರಾತ್ರಿ ಮಜ್ಜಿಗೆ ಅನ್ನ. ನಿನ್ನೆ ಮನೆಯಲ್ಲಿ ಸೊಪ್ಪಿನ ಪಲ್ಯ ಮಾಡಿದ್ದೆ ಎಂದೂ ಹೇಳಿದೆ. "ಮಾಡಿದ್ದು ಕೇಳಲಿಲ್ಲ ನಾನು, ತಿಂದದ್ದು ಕೇಳಿದೆ," ಎಂದರು. ಸುಸ್ತು ಆಗುವುದಿಲ್ಲವೇ, ಎದೆ ಹೊಡೆದುಕೊಳ್ಳುವುದಿಲ್ಲವೇ ಎಂದು ಕೇಳಿದರು. ಯಾವುದೂ ಅನ್ನಿಸುವುದಿಲ್ಲ ಎಂದೆ. ಸಂತೋಷವೂ ಇಲ್ಲ, ಬೇಸರವೂ ಇಲ್ಲ, ಹಸಿವೂ ಅಷ್ಟಾಗಿ ಇಲ್ಲ ಎಂದು ಯಾಕೋ ಹೇಳಿಬಿಟ್ಟೆ. ಅವರು ಪೆನ್ನು ಕೆಳಗಿಟ್ಟರು.

"ರಕ್ತ ಇಷ್ಟು ಕಮ್ಮಿಯಾದ್ರೆ ಹಂಗೂ ಆಗ್ತೈತ್ರಿ. ಅದನ್ನ ನಿಮ್ಮ ಸ್ವಭಾವ ಅಂದ್ಕೊಂಡಿದ್ರೇನು?"

ಅಂದುಕೊಂಡಿದ್ದೆ. ನಾನು ಬಹಳ ತಾಳ್ಮೆಯವಳು ಎಂದು ತವರಿನವರೂ ಅಂಗಡಿಯವರೂ ಹೇಳುತ್ತಿದ್ದರು.

ಬಾಟಲಿಯ ಮೂಲಕ ಕಬ್ಬಿಣದ ಔಷಧಿ ಏರಿಸಲು ದಾವಣಗೆರೆಯ ದೊಡ್ಡಾಸ್ಪತ್ರೆಗೆ ಕಳಿಸಿದರು. ನಾಲ್ಕು ದಿನ ಅಲ್ಲಿದ್ದೆ. ಗಂಡ ಪಾಳಿ ಬಿಟ್ಟು ಹರಿಹರಕ್ಕೂ ದಾವಣಗೆರೆಗೂ ಓಡಾಡಿದರು. ಎರಡನೇ ದಿನ ಅವರ ಜೊತೆ ಅತ್ತೆ ಬಂದರು. ಮಂಜುಗಣ್ಣಿನಲ್ಲಿ ಬಸ್ಸು ಹತ್ತಿ ಇಳಿದು ಬಂದಿದ್ದರು. ಸೆರಗಿನಡಿ ತಮ್ಮ ಆ ಸಣ್ಣ ಪಾತ್ರೆ ಇತ್ತು. ಅದರಲ್ಲಿ ಹುರಿದ ಶೇಂಗಾ, ಎಳ್ಳು, ಬೆಲ್ಲ ಕುಟ್ಟಿ ಕಟ್ಟಿದ ಉಂಡೆಗಳು.

"ತಿನ್ನು. ನನ್ನ ಎದುರಿಗೇ ತಿನ್ನು. ಮನೆಗೆ ಒಯ್ತೀನಿ, ಹುಡುಗಿಗೆ ಇಡ್ತೀನಿ ಅನ್ನಬ್ಯಾಡ."

ಒಂದು ತಿಂದೆ. ಇನ್ನೊಂದು ಕೈಗಿಟ್ಟರು.

"ಅತ್ತೆ, ಮೊಟ್ಟೆ ವಿಷಯ—"

"ಆ ಮಾತು ಬ್ಯಾಡ. ಅದು ನನಗೆ ಸೇರೋದಿಲ್ಲ, ಸಾಯೋತನಕ ಸೇರೋದಿಲ್ಲ. ಹುಡುಗಿ ತಿನ್ಲಿ. ನೀನು ಇದನ್ನ ತಿನ್ನು."

ಮನೆಗೆ ಬಂದ ಮೇಲೆ ಬಡಿಸುವ ಕೆಲಸ ನನ್ನ ಕೈಯಲ್ಲಿ ಉಳಿಯಲಿಲ್ಲ. ಮಗಳು ನಾಲ್ಕು ತಟ್ಟೆ ಹಾಕಿ, ಪಲ್ಯವನ್ನು ನಾಲ್ಕು ಪಾಲು ಮಾಡುತ್ತಾಳೆ. ಅತ್ತೆಯ ತಟ್ಟೆ ಈಗಲೂ ಬೇರೆಯೇ, ಅದಕ್ಕೆ ಅವರೇ ಬಡಿಸಿಕೊಳ್ಳುತ್ತಾರೆ. ಆದರೆ ಹತ್ತಿರವೇ ಕೂರುತ್ತಾರೆ. ಪಾಳಿ ಕಡಿಮೆಯಾದ ತಿಂಗಳು ಪಾಲುಗಳು ಚಿಕ್ಕವಾಗುತ್ತವೆ. ಬೇಳೆಯ ಬೆಲೆ ಏರಿದಾಗ ಸಾರು ಮತ್ತೆ ತೆಳುವಾಗುತ್ತದೆ. ನುಗ್ಗೆಸೊಪ್ಪು ಬಿಡಿಸಲು ಈಗಲೂ ಅಷ್ಟೇ ಹೊತ್ತು ಬೇಕು.

ಎರಡು ತಿಂಗಳಾದ ಮೇಲೆ ಒಂದು ಸಂಜೆ ಗಂಡ ಒಂದು ಡಬ್ಬಿ ತಂದರು. ಹಾಲಿಗೆ ಹಾಕಿ ಕುಡಿಯುವ ಶಕ್ತಿಯ ಪುಡಿ. ಟೀವಿಯಲ್ಲಿ ತೋರಿಸುತ್ತಾರಲ್ಲ, ಅಂಥದ್ದು.

"ನಿಮ್ಮಿಬ್ಬರಿಗೂ ತಂದೀನಿ," ಎಂದು ನಗುತ್ತ ನನ್ನ ಕೈಗೆ ಕೊಟ್ಟರು.

ಬೆಲೆ ಓದಿದೆ. ಎಷ್ಟು ದಿನದ ಕಾಳು, ಎಷ್ಟು ದಿನದ ಸೊಪ್ಪು ಎಂದು ತಲೆಯಲ್ಲಿ ಓಡಿತು. "ಹಾಲೆಲ್ಲೈತ್ರೀ ಇದಕ್ಕೆ? ಯಾರನ್ನ ಕೇಳಿ ತಂದ್ರಿ? ಐದು ತಿಂಗಳಾತು, ಬಾಡಿದ ಸೊಪ್ಪು ಹುಡುಕಿ ಸತ್ತೀನಿ ನಾನು!" ಎಂದು ಕೂಗಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಮಗಳು ಪುಸ್ತಕ ಕೆಳಗಿಟ್ಟಳು. ಗಂಡ ಬಾಗಿಲಲ್ಲೇ ನಿಂತರು. ಮದುವೆಯಾಗಿ ಹದಿನಾರು ವರ್ಷದಲ್ಲಿ ಅವರ ಮೇಲೆ ಕೂಗಿದ್ದು ಅದೇ ಮೊದಲು. ಕಣ್ಣಲ್ಲಿ ನೀರು ಬರುತ್ತಿತ್ತು, ನಿಲ್ಲಿಸಲು ಆಗಲಿಲ್ಲ.

ಒಳಗಿನಿಂದ ಅತ್ತೆ ಮಗನಿಗೆ ಹೇಳಿದರು: "ಸುಮ್ನಿರು. ಕೂಗ್ಲಿ ಬಿಡು. ಮೈಗೆ ರಕ್ತ ಬಂದೈತೆ ಆಕಿಗೆ."

ಮಾರನೆಯ ದಿನ ಗಂಡ ಡಬ್ಬಿಯನ್ನು ಅಂಗಡಿಗೆ ವಾಪಸು ಒಯ್ದರು. ಅಂಗಡಿಯವನು ದುಡ್ಡು ಕೊಡಲಿಲ್ಲ, ಬದಲಿಗೆ ಬೇರೆ ಸಾಮಾನು ಒಯ್ಯಿರಿ ಎಂದನಂತೆ. ಹೆಸರುಕಾಳು, ಅಲಸಂದೆ, ಶೇಂಗಾ, ಒಂದು ಅಚ್ಚು ಬೆಲ್ಲ ಚೀಲದಲ್ಲಿ ಹೊತ್ತು ತಂದು ಅಡುಗೆಮನೆಯ ನೆಲದ ಮೇಲಿಟ್ಟರು. ನನ್ನ ಎದುರಿಗೆ ಕೂತು, ಮೊರದಲ್ಲಿ ಅಲಸಂದೆ ಸುರಿದುಕೊಂಡು ಕಲ್ಲು ಆರಿಸತೊಡಗಿದರು. ನಾನು ಹೆಸರುಕಾಳು ನೆನೆಹಾಕಿದೆ.