ಕೊನೆಯ ರಾಕ್ಷಸನನ್ನು ಕೊಲ್ಲದ ಔಲಿಸ್
ತಾಂಪೆರೆ ನಗರದ ನಮ್ಮ ಅಪಾರ್ಟ್‌ಮೆಂಟಿನ ಸೌನಾ ಎಂಬ ಹಬೆಸ್ನಾನದ ಕೋಣೆಯಲ್ಲಿ ಕೂರುವ ಮೇಲಿನ ಹಲಗೆಯೇ ಪಕ್ಕದ ಮನೆಯ ಔಲಿಸ್‌ನ ಸಿಂಹಾಸನ. ಪ್ರತಿ ಶನಿವಾರ ಮೈಮೇಲೆ ನೂಲೆಳೆಯೂ ಇಲ್ಲದ ಈ ನ್ಯಾಯಾಧೀಶ ಬಿಸಿಕಲ್ಲಿಗೆ ನೀರೆರಚಿ, ಆ ವಾರ ಆಡಿದ ವಿಡಿಯೋ ಗೇಮಿನ ತೀರ್ಪು ಕೊಡುತ್ತಾನೆ: “ಕುದುರೆ ಪರವಾಗಿಲ್ಲ. ರಾಜಕುಮಾರಿಗೆ ಮಾತು ಜಾಸ್ತಿ. ಅಷ್ಟು ದೊಡ್ಡ ಕೆರೇಲಿ ಒಂದು ಮೀನಿಲ್ಲ, ಅದೂ ಒಂದು ರಾಜ್ಯಾನಾ?” ಡ್ರ್ಯಾಗನ್‌ಗಳನ್ನು ಸೊಳ್ಳೆ ಹೊಡೆದಂತೆ ಹೊಡೆಯುವ ಈ ಮಹಾವೀರ ಯಾವ ಆಟವನ್ನೂ ಮುಗಿಸಿದವನಲ್ಲ; ಕೊನೆಯ ರಾಕ್ಷಸನ ಹೊಸ್ತಿಲವರೆಗೆ ಹೋಗಿ, ಆಟದೊಳಗೇ ಸೌದೆ ಕಡಿಯುತ್ತಲೋ ಹೂ ಕೀಳುತ್ತಲೋ ಕಾಲ ಕಳೆಯುತ್ತಾನೆ. “ಹೆದರಿಕೇನೇನೋ ಶೂರ?” ಎಂದು ಕೆಣಕಿದೆ. “ಹೂಂ ಕಣೋ,” ಎಂದ. “ನಮ್ಮಣ್ಣ ಟೌನೋಗೆ ಗೇಮಿನ ಗಂಧಾನೇ ಇಲ್ಲ. ಆದ್ರೂ ಭಾನುವಾರ ಭಾನುವಾರ ಫೋನ್ ಮಾಡಿ ‘ರಾಕ್ಷಸ ಸತ್ನಾ?’ ಅಂತ ಕೇಳ್ತಾನೆ. ಸತ್ತ ಅಂದ್ಬಿಟ್ರೆ ಆಮೇಲೆ ಕೇಳೋಕೇನಿದೆ? ಸುಮ್‌ಸುಮ್ನೆ ಫೋನ್ ಮಾಡೋ ಜನಾನಾ ನಾವು?”